ಎಷ್ಟು ಹೊಗೆಯಾದರೆ ಎಚ್ಚರಿಕೆ?

ಕಳೆದ ಮಾಗಿಯಲ್ಲಿ ಒಂದು ಸಂಜೆ, ಬಸ್ರೂರಿನ ಹೊಳೆಯ ದಂಡೆಗೆ ಸಮೀಪದ ಮೈದಾನವೊಂದನ್ನು ನಾವೂ ಹತ್ತು ಹದಿನೈದು ಮಂದಿ ವಿದ್ಯಾರ್ಥಿಗಳೂ ಸೇರಿ ಚೊಕ್ಕಟ ಮಾಡಿದೆವು. ಗೇರು, ಮಾವು, ಹಲಸಿನ ತರಗೆಲೆ, ಬಿದ್ದ ತೆಂಗಿನ ಮಡಲು, ಕಿತ್ತ ಹುಲ್ಲು ಎಲ್ಲವನ್ನೂ ಗುಡಿಸಿ ಒಂದು ಮೂಲೆಯಲ್ಲಿ ರಾಶಿ ಹಾಕಿದುದಾಯಿತು. ಹೊತ್ತು ಮುಳುಗುವ ವೇಳೆಗೆ ಅದಕ್ಕೆ ಬೆಂಕಿಯಿಕ್ಕಿದವರೂ ನಾವೇ. ನಮ್ಮ ಸೀಮೆಯಲ್ಲಿ ಇದೇನೂ ಹೊಸ ಸಂಗತಿಯಲ್ಲ. ತರಗೆಲೆಯ ಮೇಲೆ ಮಣ್ಣು ಮುಚ್ಚಿ ಬೇಯಿಸಿ ಸುಡುಮಣ್ಣು ಮಾಡುವ ಪದ್ಧತಿ ಅಜ್ಜಂದಿರ ಕಾಲದಿಂದ ನಡೆದುಬಂದಿದೆ. ಆದರೆ ಅಂದಿನ ಎಲೆಗಳು ಅರೆಹಸಿಯಾಗಿದ್ದುವು. ಉರಿಗಿಂತ ಹೊಗೆಯೇ ಹೆಚ್ಚಾಯಿತು. ಅರ್ಧ ಗಂಟೆಯೊಳಗೆ ಆ ಹೊಗೆ ಮೇಲಕ್ಕೇರುವುದನ್ನು ಬಿಟ್ಟು, ಆಳೆತ್ತರದಲ್ಲಿ ಗದ್ದೆಬಯಲಿನ ಮೇಲೆ ಕಂಬಳಿ ಹಾಸಿದಂತೆ ನಿಂತಿತು. ನಮ್ಮೊಡನಿದ್ದ ಹುಡುಗರಲ್ಲಿ ಒಬ್ಬನಿಗೆ ಉಬ್ಬಸದ ಬಾಧೆಯುಂಟೆಂಬುದು ತಿಳಿದುಬಂದುದು ಆಗಲೇ. ಅವನನ್ನು ರಿಕ್ಷಾದಲ್ಲಿ ಕುಂದಾಪುರದ ವೈದ್ಯರೊಬ್ಬರ ಬಳಿಗೆ ಕರೆದೊಯ್ದು, ಉಸಿರು ಒಂದು ಹದಕ್ಕೆ ಬರುವಾಗ ರಾತ್ರಿ ಒಂಬತ್ತು ಗಂಟೆಯಾಗಿತ್ತು.

ಅಲ್ಲಿ ಬೆಂಚಿನ ಮೇಲೆ ಕಾದು ಕುಳಿತಿದ್ದಾಗ ಇನ್ನೊಬ್ಬ ವಿದ್ಯಾರ್ಥಿ ತನ್ನ ಮೊಬೈಲನ್ನು ನಮ್ಮ ಮುಂದೆ ಹಿಡಿದು, "ಸರ್, ಇದ್ರಲ್ಲಿ ಗಾಳಿ ತೃಪ್ತಿಕರ ಅಂತ ಉಂಟಲ್ಲ?" ಎಂದು ಕೇಳಿದನು. ನೋಡಿದರೆ ಹೌದು. ಎಳೆ ಹಸುರು ಬಣ್ಣದ ಚೌಕದೊಳಗೆ ಐವತ್ತಕ್ಕೂ ನೂರಕ್ಕೂ ನಡುವಣ ಒಂದು ಸಂಖ್ಯೆ. ಅದರ ಕೆಳಗೆ 'ತೃಪ್ತಿಕರ' ಎಂಬ ಮಾತು.

ಆಗ ನಾವು ಸರಿಯಾದ ಉತ್ತರ ಕೊಡಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಏನೋ ಹೇಳಿ ಸುಮ್ಮನಾದೆವು. ಮನೆಗೆ ಬಂದು ಯೋಚಿಸಿದ ಮೇಲೆ, ಯಂತ್ರವೂ ಕೆಟ್ಟಿರಲಿಲ್ಲ, ಹುಡುಗನ ಶ್ವಾಸಕೋಶವೂ ಸುಳ್ಳು ಹೇಳಿರಲಿಲ್ಲ ಎಂಬುದು ಹೊಳೆಯಿತು. ಎರಡೂ ಏಕಕಾಲದಲ್ಲಿ ನಿಜವಾಗುವುದು ಹೇಗೆ? ಇದನ್ನು ತಿಳಿಯಬೇಕಾದರೆ ಗಾಳಿಯ ಮಾಲಿನ್ಯಕ್ಕೆ 'ಮಿತಿ' ಎಂದು ಯಾವುದನ್ನು ಕರೆಯುತ್ತಾರೆ, 'ಎಚ್ಚರಿಕೆಯ ಹಂತ' ಎಂದು ಯಾವುದನ್ನು ಕರೆಯುತ್ತಾರೆ, ಆ ಅಂಕೆಗಳನ್ನು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆ ಎಂಬುದನ್ನು ವಿಚಾರಿಸಬೇಕು.

ಮೊದಲು, ಹೊಗೆ ಹಾಸಿಕೊಂಡುದೇಕೆ ಎಂಬುದನ್ನು ನೋಡೋಣ. ಹಗಲಿನ ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಗಲಿದ ಗಾಳಿ ಕಾದು ಹಗುರಾಗಿ ಮೇಲೇರುತ್ತದೆ. ಏರುತ್ತ ಏರುತ್ತ ಒತ್ತಡ ಕಡಮೆಯಾಗುವುದರಿಂದ ಅದು ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ; ಒಣಗಾಳಿಯಾದರೆ ಪ್ರತಿ ನೂರು ಮೀಟರಿಗೆ ಹೆಚ್ಚುಕಡಮೆ ಒಂದು ಡಿಗ್ರಿ ಸೆಲ್ಸಿಯಸಿನಂತೆ. ಸುತ್ತಣ ಗಾಳಿಗಿಂತ ಬೆಚ್ಚಗಿರುವವರೆಗೂ ಅದು ಏರುತ್ತಲೇ ಇರುತ್ತದೆ. ಮಧ್ಯಾಹ್ನದ ಒಲೆಯ ಹೊಗೆ ನೇರವಾಗಿ ಮೇಲಕ್ಕೆ ಹೋಗಿ ಕಣ್ಮರೆಯಾಗುವುದು ಇದರಿಂದ. ಮಾಗಿಯ ಸಂಜೆಯ ಕಥೆ ಬೇರೆ. ಆಕಾಶ ನಿರಭ್ರವಾಗಿದೆ. ಹಗಲಿನ ಕಡಲಗಾಳಿ ನಿಂತಿದೆ, ಘಟ್ಟದ ಕಡೆಯ ರಾತ್ರಿಯ ಗಾಳಿ ಇನ್ನೂ ಹುಟ್ಟಿಲ್ಲ. ನೆಲ ತನ್ನ ಶಾಖವನ್ನು ಬರಿಯ ಆಕಾಶಕ್ಕೆ ಸೂಸಿ ಬೇಗ ತಣ್ಣಗಾಗುತ್ತದೆ. ಅದನ್ನು ಮುಟ್ಟಿಕೊಂಡಿರುವ ಗಾಳಿಯೂ ತಣಿಯುತ್ತದೆ. ಮೇಲಣ ಗಾಳಿ ಮಾತ್ರ ಹಗಲಿನ ಬಿಸುಪನ್ನು ಉಳಿಸಿಕೊಂಡಿರುತ್ತದೆ. ಸಾಮಾನ್ಯವಾಗಿ ಕೆಳಗೆ ಬಿಸಿ, ಮೇಲೆ ತಂಪು. ಈಗ ಕೆಳಗೆ ತಂಪು, ಮೇಲೆ ಬಿಸಿ. ಇದಕ್ಕೆ ತಾಪವಿಪರ್ಯಯವೆಂದು ಹೆಸರು. ಏರಹೊರಟ ಹೊಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ತನಗಿಂತ ಬೆಚ್ಚನೆಯ ಪದರವೊಂದನ್ನು ಎದುರಿಸಿ ಅಲ್ಲಿಯೇ ನಿಲ್ಲುತ್ತದೆ. ಊರಿನ ಮೇಲೆ ಮುಚ್ಚಳವಿಟ್ಟಂತಾಯಿತು.

ಈ ಮುಚ್ಚಳದ ಪರಿಣಾಮವೇನೆಂಬುದನ್ನು ಸುಲಭವಾಗಿ ಗಣಿಸಬಹುದು. ಹಗಲು ಹೊಗೆ ಬೆರೆಯುವುದಕ್ಕೆ ದೊರೆಯುವ ಗಾಳಿಯ ಎತ್ತರ ಸಾವಿರ ಮೀಟರು, ರಾತ್ರಿ ನೂರು ಮೀಟರು ಎಂದಿಟ್ಟುಕೊಳ್ಳಿ. ಊರಿನ ಒಲೆಗಳು ಉಗುಳುವ ಹೊಗೆ ಒಂದಿಷ್ಟೂ ಹೆಚ್ಚದಿದ್ದರೂ ಗಾಳಿಯಲ್ಲಿ ಅದರ ಸಾಂದ್ರತೆ ಹತ್ತುಪಟ್ಟಾಗುತ್ತದೆ. ಕುಂದಾಪುರ–ಬಸ್ರೂರು ಸುತ್ತಿನ ಹೊಳೆಯ ದಂಡೆಗಳಲ್ಲಿ ಹಂಚಿನ ಕಾರ್ಖಾನೆಗಳನ್ನು ಕಟ್ಟಿದವರು ಚಿಮಣಿಗಳನ್ನು ಎತ್ತರವಾಗಿ ಏಳಿಸಿದುದು ಆವಿಗೆಗೆ ಎಳೆತ ಸಿಗಲೆಂಬುದಕ್ಕಾಗಿ ನಿಜ; ಆದರೆ ಅದರಿಂದ ಹೊಗೆ ಆಳೆತ್ತರದ ಗಾಳಿಯನ್ನು ತಪ್ಪಿಸಿ ಹೋಗುವ ಉಪಕಾರವೂ ಆಗುತ್ತಿತ್ತು. ನಮ್ಮ ತರಗೆಲೆಯ ರಾಶಿಗೆ ಚಿಮಣಿ ಎಲ್ಲಿಯದು?

ಇಂಥದೇ ಮುಚ್ಚಳವೊಂದು ೧೯೫೨ನೆಯ ಡಿಸೆಂಬರ್ ೫ರಂದು ಲಂಡನ್ ನಗರದ ಮೇಲೆ ಕುಳಿತು ೯ರವರೆಗೂ ಏಳಲಿಲ್ಲ. ಚಳಿಗೆ ಮನೆಮನೆಯಲ್ಲಿ ಉರಿಸುತ್ತಿದ್ದ ಕಲ್ಲಿದ್ದಲಿನ ಹೊಗೆ, ವಿದ್ಯುದಾಗಾರಗಳ ಗಂಧಕದ ಡೈಆಕ್ಸೈಡು, ಥೇಮ್ಸ್ ಕಣಿವೆಯ ಮಂಜು ಇವು ಮೂರೂ ಬೆರೆತು, ಕೈ ಚಾಚಿದರೆ ಕೈ ಕಾಣದ ಸ್ಥಿತಿ ಬಂದಿತು. ಆ ಮೊದಲು ೧೯೩೦ರಲ್ಲಿ ಬೆಲ್ಜಿಯಮಿನ ಮ್ಯೂಸ್ ಕಣಿವೆಯಲ್ಲಿಯೂ ೧೯೪೮ರಲ್ಲಿ ಅಮೆರಿಕದ ಡೊನೋರಾ ಪಟ್ಟಣದಲ್ಲಿಯೂ ಹೀಗೆಯೇ ಆಗಿ ಹಲವರು ಸತ್ತಿದ್ದರು. ಲಂಡನ್ನಿನಲ್ಲಿ ಸತ್ತವರ ಸಂಖ್ಯೆ ಸುಮಾರು ೪೦೦೦ ಎಂದು ಅಂದಿನ ಸರಕಾರದ ಲೆಕ್ಕ. ಮುಂದಿನ ತಿಂಗಳುಗಳ ಸಾವುಗಳನ್ನೂ ಸೇರಿಸಿ ಈಚೆಗೆ ಮರುಲೆಕ್ಕ ಹಾಕಿದವರು ಅದು ೧೨,೦೦೦ದಷ್ಟಿರಬೇಕೆನ್ನುತ್ತಾರೆ. ಗಮನಿಸತಕ್ಕ ಸಂಗತಿಯೆಂದರೆ, ಆ ಐದು ದಿನಗಳಲ್ಲಿ ಲಂಡನ್ನಿನ ಜನಕ್ಕೆ ತಾವು ಮಹಾಮಾರಿಯೊಂದರ ನಡುವೆ ಇದ್ದೇವೆಂಬ ಅರಿವೇ ಇರಲಿಲ್ಲ. ಅವರಿಗೆ ಅದು ದಟ್ಟ ಮಂಜಿನ ಒಂದು ವಾರ, ಅಷ್ಟೆ. ಮರಣದ ದಾಖಲೆಗಳು ಕೂಡಿಬಂದ ಮೇಲೆ ನಿಜ ಹೊರಬಿದ್ದಿತು. ೧೯೫೬ರಲ್ಲಿ ಬ್ರಿಟನ್ನಿನಲ್ಲಿ ಶುದ್ಧವಾಯುವಿನ ಶಾಸನ ಬಂದಿತು.

ಜನಕ್ಕೆ ಮುಂಚಿತವಾಗಿ ತಿಳಿಸಬೇಕಾದರೆ ಅಳೆಯಬೇಕು. ಅಳೆದ ಮೇಲೆ ಎಷ್ಟಾದರೆ ಕೂಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಲಾಸ್ ಏಂಜಲ್ಸ್ ಸೀಮೆಯವರು ೧೯೫೫ರಲ್ಲಿ ಹೀಗೆ ಮಾಡಿದರು. ಅಲ್ಲಿಯ ಪೀಡೆ ಇದ್ದಲಿನ ಹೊಗೆಯಲ್ಲ. ಮೋಟಾರುಗಳ ಹೊಗೆಯ ಮೇಲೆ ಬಿಸಿಲು ಬಿದ್ದು ಹುಟ್ಟುವ ಓಜೋನು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಓಜೋನು ಅರ್ಧ ಭಾಗಕ್ಕೆ ಮುಟ್ಟಿದರೆ ಮೊದಲನೆಯ ಎಚ್ಚರಿಕೆ, ಒಂದು ಭಾಗವಾದರೆ ಎರಡನೆಯದು, ಒಂದೂವರೆಯಾದರೆ ಮೂರನೆಯದು ಎಂದು ಕಟ್ಟುಮಾಡಿದರು. ಇಂದು ಭಾರತದಲ್ಲಿ ಒಂದು ಗಂಟೆಯ ಸರಾಸರಿಗೆ ಓಜೋನಿನ ಮಿತಿ ಘನಮೀಟರಿಗೆ ೧೮೦ ಮೈಕ್ರೋಗ್ರಾಂ. ಇದು ಅಂದಿನ ಮೊದಲನೆಯ ಎಚ್ಚರಿಕೆಯ ಅಂಕೆಯಲ್ಲಿ ಐದನೆಯ ಒಂದು ಪಾಲಿಗಿಂತಲೂ ತುಸು ಕಡಮೆ. ಎಪ್ಪತ್ತು ವರ್ಷಗಳಲ್ಲಿ ಮನುಷ್ಯನ ಶ್ವಾಸಕೋಶ ಬದಲಾಗಿಲ್ಲ. ಬದಲಾದುದು ನಮ್ಮ ತಿಳಿವಳಿಕೆ, ಮತ್ತು ಎಷ್ಟನ್ನು ಸಹಿಸಬೇಕೆಂಬ ನಮ್ಮ ನಿರ್ಧಾರ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಹೊಗೆಗೆ ಬರೋಣ. ಎಲೆಯ ಹೊಗೆಯಲ್ಲಿ ಅನಿಲಗಳೂ ಉಂಟು, ಕಣಗಳೂ ಉಂಟು; ಆರೋಗ್ಯದ ದೃಷ್ಟಿಯಿಂದ ಇಂದು ಹೆಚ್ಚಿನ ಲಕ್ಷ್ಯವಿರುವುದು ಕಣಗಳ ಮೇಲೆ. ಪತ್ರಿಕೆಗಳಲ್ಲಿ 'ಪಿ.ಎಂ. ೧೦', 'ಪಿ.ಎಂ. ೨.೫' ಎಂಬ ಸಂಕೇತಗಳನ್ನು ಎಲ್ಲರೂ ಕಂಡಿರುತ್ತಾರೆ. ವ್ಯಾಸ ೧೦ ಮೈಕ್ರಾನಿಗೂ ೨.೫ ಮೈಕ್ರಾನಿಗೂ ಒಳಪಟ್ಟ ಕಣಗಳೆಂದು ಇವುಗಳ ಅರ್ಥ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್.

ಗಾತ್ರಕ್ಕೆ ಇಷ್ಟು ಮಹತ್ವವೇಕೆ? ಸ್ಟೋಕ್ಸನ ನಿಯಮವನ್ನು ಓದಿದವರಿಗೆ ಉತ್ತರ ಕೈಯಲ್ಲಿದೆ. ಗಾಳಿಯಲ್ಲಿ ಬೀಳುವ ಸಣ್ಣ ಗೋಳದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆ. ನೀರಿನಷ್ಟು ಸಾಂದ್ರತೆಯ ೧೦ ಮೈಕ್ರಾನಿನ ಕಣ ಸೆಕೆಂಡಿಗೆ ೩ ಮಿಲಿಮೀಟರಿನಂತೆ ಇಳಿಯುತ್ತದೆ. ತೆಂಗಿನ ಮರದ ಎತ್ತರ ಹತ್ತು ಮೀಟರೆಂದು ಹಿಡಿದರೆ, ನಿಶ್ಚಲವಾದ ಗಾಳಿಯಲ್ಲಿ ತುದಿಯಿಂದ ಬುಡಕ್ಕೆ ಬರಲು ಒಂದು ಗಂಟೆಗೆ ಸ್ವಲ್ಪ ಕಡಮೆ ಸಾಕು. ೨.೫ ಮೈಕ್ರಾನಿನದು ಹದಿನಾರನೆಯ ಒಂದು ಪಾಲು ವೇಗದಿಂದ ಇಳಿಯುವುದರಿಂದ ಹದಿನಾಲ್ಕು ಗಂಟೆಗೂ ಹೆಚ್ಚು ಕಾಲ ಬೇಕು. ೧ ಮೈಕ್ರಾನಿನದಕ್ಕೆ ಮೂರು ದಿನಗಳಿಗೂ ಮಿಗಿಲು. ಸೌದೆ ಮತ್ತು ಎಲೆಯ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಎಂದರೆ, ಬೆಂಕಿ ಆರಿದ ಮೇಲೆಯೂ ಇವು ಗಾಳಿಯಲ್ಲಿಯೇ ಇರುತ್ತವೆ. ಉಸಿರಿನೊಡನೆ ಒಳಹೊಕ್ಕಾಗಲೂ ಇದೇ ಭೇದ: ದೊಡ್ಡ ಕಣಗಳು ಮೂಗು ಗಂಟಲುಗಳ ತಿರುವುಗಳಲ್ಲಿ ತಿರುಗಲಾರದೆ ಗೋಡೆಗೆ ಬಡಿದು ಅಂಟಿಕೊಳ್ಳುತ್ತವೆ, ಚಿಕ್ಕವು ಗಾಳಿಯೊಡನೆ ಬಳುಕುತ್ತ ಶ್ವಾಸಕೋಶದ ಕೊನೆಯ ಗುಳ್ಳೆಗಳವರೆಗೂ ಹೋಗುತ್ತವೆ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರನ್ನು ಸಿಲಿಕೋಸಿಸ್ ರೋಗ ಕಾಡಿದುದಕ್ಕೂ ಇದೇ ಕಾರಣ. ಕಣ್ಣಿಗೆ ಕಾಣುವ ಧೂಳಿಗಿಂತ, ಕಾಣದಷ್ಟು ನುಣುಪಾದ ಕಲ್ಲಿನ ಹುಡಿಯೇ ಅವರ ಪಾಲಿಗೆ ಘಾತಕವಾಯಿತು.

ನಮ್ಮ ಶಾಸನದಲ್ಲಿ ಪಿ.ಎಂ. ೨.೫ಕ್ಕೆ ಇಪ್ಪತ್ತನಾಲ್ಕು ಗಂಟೆಗಳ ಮಿತಿ ಘನಮೀಟರಿಗೆ ೬೦ ಮೈಕ್ರೋಗ್ರಾಂ. ಇದೆಷ್ಟೆಂಬುದು ಮನಸ್ಸಿಗೆ ಹಿಡಿಯಬೇಕಾದರೆ ಅಡುಗೆಮನೆಗೆ ಹೋಗಿ ಪುಡಿ ಉಪ್ಪಿನ ಒಂದೇ ಒಂದು ಹರಳನ್ನು ಬೆರಳ ತುದಿಗೆ ಅಂಟಿಸಿಕೊಳ್ಳಿ. ಅದರ ಬದಿ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು ಎಂದು ಹಿಡಿದರೆ ತೂಕ ೫೮ ಮೈಕ್ರೋಗ್ರಾಂ ಬರುತ್ತದೆ. ಒಂದು ಮೀಟರು ಉದ್ದ, ಅಗಲ, ಎತ್ತರದ ಪೆಟ್ಟಿಗೆಯೊಂದರ ಗಾಳಿಯಲ್ಲಿ ಈ ಒಂದು ಹರಳನ್ನು ಹುಡಿ ಮಾಡಿ ತೂರಿದರೆ ಅಲ್ಲಿಗೆ ಕಾನೂನಿನ ಮಿತಿ ಮುಟ್ಟಿತು. ಅಷ್ಟೇ ತೂಕವನ್ನು ನೀರಿನಷ್ಟು ಸಾಂದ್ರತೆಯ ಒಂದೊಂದು ಮೈಕ್ರಾನಿನ ಗೋಳಗಳನ್ನಾಗಿ ಒಡೆದರೆ ಹನ್ನೊಂದು ಕೋಟಿಗೂ ಹೆಚ್ಚು ಕಣಗಳಾಗುತ್ತವೆ. ಒಬ್ಬ ವಯಸ್ಕನು ದಿನಕ್ಕೆ ಸುಮಾರು ಹನ್ನೆರಡು ಘನಮೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆಂದು ಲೆಕ್ಕ ಹಾಕಿದರೆ, ಅವನ ಪಾಲಿಗೆ ದಿನವೊಂದಕ್ಕೆ ಬರುವುದು ಒಂದು ಮಿಲಿಗ್ರಾಮಿಗೂ ಕಡಮೆ. ಇಷ್ಟು ಅಲ್ಪವಾದ ವಸ್ತು ಗುಂಡಿಗೆಗೂ ಶ್ವಾಸಕೋಶಕ್ಕೂ ಕೇಡು ಮಾಡುವುದೆಂದರೆ ನಂಬುವುದು ಕಷ್ಟ. ನಂಬುವಂತೆ ಮಾಡಿದ ಒಂದು ಪ್ರಸಿದ್ಧ ಅಧ್ಯಯನವನ್ನು ಮುಂದೆ ಹೇಳುತ್ತೇವೆ.

ಇದನ್ನು ಅಳೆಯುವ ಬಗೆಯೂ ಸೊಗಸಾದುದು. ಗಾಳಿಯನ್ನು ಗೊತ್ತಾದ ವೇಗದಿಂದ ಒಂದು ನಳಿಗೆಯೊಳಕ್ಕೆ ಸೆಳೆದು ಚಟಕ್ಕನೆ ತಿರುಗಿಸುತ್ತಾರೆ. ದೊಡ್ಡ ಕಣಗಳು ಜಡತ್ವದಿಂದ ನೇರವಾಗಿ ಹೋಗಿ ತಟ್ಟೆಗೆ ಬಡಿದು ಉಳಿಯುತ್ತವೆ. ಚಿಕ್ಕವು ಮುಂದೆ ಹೋಗಿ ಕಾಗದದಂಥ ಪಟ್ಟಿಯ ಮೇಲೆ ಕೂಡುತ್ತವೆ. ಮೂಗು ಮಾಡುವ ಕೆಲಸವೇ ಇದು. ಆ ಬಳಿಕ ಪಟ್ಟಿಯ ಮೂಲಕ ಬೀಟಾ ಕಿರಣಗಳನ್ನು ಹಾಯಿಸಿ, ಅವು ಎಷ್ಟು ಕುಗ್ಗಿದುವೆಂಬುದರಿಂದ ಕೂಡಿದ ತೂಕವನ್ನು ತಿಳಿಯುತ್ತಾರೆ. ಅಂಗಡಿಗಳಲ್ಲಿ ದೊರೆಯುವ ಅಗ್ಗದ ಪೆಟ್ಟಿಗೆಗಳು ಇಷ್ಟು ಕಷ್ಟಪಡುವುದಿಲ್ಲ; ಕಣಗಳಿಂದ ಚದರಿದ ಬೆಳಕನ್ನು ನೋಡಿ ತೂಕವನ್ನು ಅಂದಾಜು ಮಾಡುತ್ತವೆ. ನಮ್ಮ ಕರಾವಳಿಯಂಥ ತೇವದ ಹವೆಯಲ್ಲಿ ಕಣಗಳು ನೀರು ಕುಡಿದು ಉಬ್ಬುವುದರಿಂದ ಇಂಥ ಪೆಟ್ಟಿಗೆಗಳು ಇಲ್ಲದ ಹೊಗೆಯನ್ನೂ ತೋರಿಸುವುದುಂಟು. ಮುಂಜಾನೆ ಹೊಳೆಯ ಮಂಜಿನಲ್ಲಿ ಅವುಗಳ ಅಂಕೆಯನ್ನು ಪೂರ್ತಿ ನಂಬಬಾರದು.

ಭಾರತದಲ್ಲಿ ವಾಯುಮಾಲಿನ್ಯವನ್ನು ತಡೆಯುವ ಶಾಸನ ಬಂದುದು ೧೯೮೧ರಲ್ಲಿ. ಇಂದು ಜಾರಿಯಲ್ಲಿರುವ ಮಿತಿಗಳನ್ನು ೨೦೦೯ರ ನವೆಂಬರ್ ೧೮ರಂದು ಪ್ರಕಟಿಸಲಾಯಿತು. ಹನ್ನೆರಡು ಪದಾರ್ಥಗಳಿಗೆ ಮಿತಿಗಳುಂಟು. ಪಿ.ಎಂ. ೨.೫ಕ್ಕೆ ದಿನದ ಸರಾಸರಿ ೬೦, ವರ್ಷದ ಸರಾಸರಿ ೪೦, ಪಿ.ಎಂ. ೧೦ಕ್ಕೆ ೧೦೦ ಮತ್ತು ೬೦. ಗಂಧಕದ ಡೈಆಕ್ಸೈಡಿಗೆ ೮೦ ಮತ್ತು ೫೦. ಮಿಕ್ಕವುಗಳ ಪಟ್ಟಿಯನ್ನಿಲ್ಲಿ ಕೊಡುವುದಿಲ್ಲ. ಒಂದೇ ಪದಾರ್ಥಕ್ಕೆ ಎರಡು ಅಂಕೆಗಳೇಕೆಂದರೆ, ಕೇಡು ಎರಡು ಬಗೆಯದು. ಉಬ್ಬಸದ ಹುಡುಗನಿಗೆ ಒಂದು ಗಂಟೆಯ ಗಾಢವಾದ ಹೊಗೆ ಸಾಕು, ಇದು ಹೊಡೆತ. ಇಪ್ಪತ್ತು ವರ್ಷ ಒಲೆಯ ಮುಂದೆ ಕುಳಿತ ಗೃಹಿಣಿಯ ಶ್ವಾಸಕೋಶ ಸವೆಯುವುದು ಇನ್ನೊಂದು ಬಗೆ, ಇದು ಸವೆತ. ದಿನದ ಮಿತಿ ಹೊಡೆತವನ್ನೂ ವರ್ಷದ ಮಿತಿ ಸವೆತವನ್ನೂ ಉದ್ದೇಶಿಸಿದುದು.

ಈಗ ಆ ಅಧ್ಯಯನ. ೧೯೯೩ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಮೆರಿಕದ ಆರು ಪಟ್ಟಣಗಳ ಎಂಟು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಗಮನಿಸಿ ಬಂದ ಫಲಿತಾಂಶವನ್ನು ಪ್ರಕಟಿಸಿದರು. ಧೂಮಪಾನ ಮೊದಲಾದ ಇತರ ಕಾರಣಗಳ ಪ್ರಭಾವವನ್ನು ಲೆಕ್ಕದಿಂದ ತೆಗೆದ ಮೇಲೆಯೂ, ಎಲ್ಲಕ್ಕಿಂತ ಮಲಿನವಾದ ಸ್ಟೂಬೆನ್‌ವಿಲ್ ಪಟ್ಟಣದಲ್ಲಿ ಮರಣದ ಪ್ರಮಾಣ ಎಲ್ಲಕ್ಕಿಂತ ಶುಭ್ರವಾದ ಪೋರ್ಟೇಜ್ ಪಟ್ಟಣಕ್ಕಿಂತ ನೂರಕ್ಕೆ ೨೬ರಷ್ಟು ಹೆಚ್ಚಾಗಿತ್ತು. ಪೋರ್ಟೇಜಿನಲ್ಲಿ ನುಣುಪು ಕಣಗಳ ಸರಾಸರಿ ಘನಮೀಟರಿಗೆ ೧೧ ಮೈಕ್ರೋಗ್ರಾಂ, ಸ್ಟೂಬೆನ್‌ವಿಲ್‌ನಲ್ಲಿ ೨೯.೬. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ವಾರ್ಷಿಕ ಮಿತಿ ೪೦. ಆ ಆರು ಪಟ್ಟಣಗಳಲ್ಲಿ ಅತ್ಯಂತ ಮಲಿನವಾದುದು ಕೂಡ ನಮ್ಮ ಕಾನೂನಿನ ಪ್ರಕಾರ ನಿರ್ದೋಷಿ!

ಇದರಿಂದ ಸ್ಪಷ್ಟವಾಗುವುದೇನೆಂದರೆ, ಕಣಗಳ ಪ್ರಮಾಣಕ್ಕೂ ಕೇಡಿಗೂ ಇರುವ ಸಂಬಂಧ ಮೆಟ್ಟಿಲಿನಂತಿರದೆ ಇಳಿಜಾರಿನಂತಿದೆ. ಒಂದು ಗೆರೆಯ ಈಚೆಗೆ ಕ್ಷೇಮ, ಆಚೆಗೆ ಅಪಾಯ ಎಂಬಂಥ ಗೆರೆ ಪ್ರಕೃತಿಯಲ್ಲಿ ಈವರೆಗೆ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೦೫ರಲ್ಲಿ ಪಿ.ಎಂ. ೨.೫ಕ್ಕೆ ವರ್ಷದ ಸರಾಸರಿ ೧೦ ಸಾಕೆಂದಿತು. ೨೦೨೧ರಲ್ಲಿ ಅದನ್ನು ೫ಕ್ಕೆ ಇಳಿಸಿತು. ದಿನದ ಸರಾಸರಿ ೧೫. ಹಾಗಾದರೆ ನಮ್ಮವರು ೪೦ ಎಂದುದು ತಪ್ಪೇ? ಬರಿಯ ತಪ್ಪೆನ್ನುವುದು ಸುಲಭ. ಶಾಸನದ ಮಿತಿಯನ್ನು ಇಡುವವರು ಆರೋಗ್ಯವೊಂದನ್ನೇ ನೋಡುವುದಿಲ್ಲ. ಸಾಧ್ಯತೆಯನ್ನೂ ಖರ್ಚನ್ನೂ ನೋಡುತ್ತಾರೆ. ಬಯಲುಸೀಮೆಯ ಬೇಸಗೆಯಲ್ಲಿ ನೆಲದ ಧೂಳೇ ಸಾಕಷ್ಟಿರುತ್ತದೆ. ಯಾರೂ ಮುಟ್ಟಲಾಗದ ಮಿತಿಯನ್ನು ಬರೆದಿಟ್ಟರೆ ಯಾರೂ ಅದನ್ನು ಲೆಕ್ಕಿಸರೆಂಬ ವಾದವೂ ಉಂಟು. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದ ಪಟ್ಟಿಗೆ, ಈಗಿನ ಸಡಿಲವಾದ ಮಿತಿಗಳನ್ನೇ ಮುಟ್ಟಲಾಗದ ಊರುಗಳೆಂದು ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಸೇರಿದುವು. ಈ ವಾದದಲ್ಲಿ ಹುರುಳಿದೆಯೆಂದು ಒಪ್ಪುತ್ತೇವೆ. ನಮ್ಮ ಆಕ್ಷೇಪವಿರುವುದು ಬೇರೊಂದು ಕಡೆ: ಆಡಳಿತದ ಅನುಕೂಲಕ್ಕಾಗಿ ಇಟ್ಟ ಗೆರೆ ಜನರ ಕಿವಿಗೆ ಬೀಳುವಾಗ ವೈದ್ಯರ ಮಾತಿನಂತೆ ಕೇಳಿಸುತ್ತದೆ.

ಇದು ನಡೆಯುವುದು ಗುಣಸೂಚ್ಯಂಕದಲ್ಲಿ. ೨೦೧೫ರ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ಈ ಸೂಚ್ಯಂಕ, ಹಲವು ಪದಾರ್ಥಗಳ ಹಲವು ಅಂಕೆಗಳನ್ನು ಸೊನ್ನೆಯಿಂದ ೫೦೦ರವರೆಗಿನ ಒಂದೇ ಸಂಖ್ಯೆಯಾಗಿ ಹೇಳುವ ಉಪಾಯ. ಪ್ರತಿಯೊಂದು ಪದಾರ್ಥಕ್ಕೂ ಬೇರೆಬೇರೆಯಾಗಿ ಉಪಸೂಚ್ಯಂಕವನ್ನು ಲೆಕ್ಕ ಹಾಕಿ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಊರಿನ ಸೂಚ್ಯಂಕವೆಂದು ಸಾರುತ್ತಾರೆ. ೫೦ರವರೆಗೆ ಉತ್ತಮ, ೧೦೦ರವರೆಗೆ ತೃಪ್ತಿಕರ, ೨೦೦ರವರೆಗೆ ಸಾಧಾರಣ, ೩೦೦ರವರೆಗೆ ಕಳಪೆ, ೪೦೦ರವರೆಗೆ ಅತಿ ಕಳಪೆ, ಅದರಾಚೆಗೆ ತೀವ್ರ. ಪಿ.ಎಂ. ೨.೫ ಘನಮೀಟರಿಗೆ ೩೦ ಮೈಕ್ರೋಗ್ರಾಮಾದರೆ ಸೂಚ್ಯಂಕ ೫೦. ೬೦ ಆದರೆ ೧೦೦. ಎಂದರೆ 'ತೃಪ್ತಿಕರ' ಎಂಬ ಮಾತಿನ ಅರ್ಥ 'ಕಾನೂನಿನ ಮಿತಿಯೊಳಗಿದೆ' ಎಂದಷ್ಟೆ. ಆ ವರ್ಗದ ಮೇಲ್ದಂಡೆ ವಿಶ್ವ ಆರೋಗ್ಯ ಸಂಸ್ಥೆಯ ದಿನದ ಸಲಹೆಯ ನಾಲ್ಕರಷ್ಟು. ಸೂಚ್ಯಂಕದ ವಿವರಣೆಯಲ್ಲಿಯೇ, ತೃಪ್ತಿಕರವೆಂಬ ಗಾಳಿಯಲ್ಲಿಯೂ ಸೂಕ್ಷ್ಮಪ್ರಕೃತಿಯವರಿಗೆ ಉಸಿರಾಟದ ಅಲ್ಪ ತೊಂದರೆಯಾಗಬಹುದೆಂದು ಹೇಳಿದೆ. ಆದರೆ ಹಸುರು ಬಣ್ಣವನ್ನು ನೋಡಿದ ಮೇಲೆ ವಿವರಣೆಯನ್ನು ಓದುವವರು ಎಷ್ಟು ಮಂದಿ?

ಇನ್ನೊಂದು ಗೊಂದಲವೂ ಉಂಟು. ಎಲ್ಲ ದೇಶಗಳ ಸೂಚ್ಯಂಕಗಳೂ ಒಂದೇ ಅಲ್ಲ. ಪಿ.ಎಂ. ೨.೫ ಘನಮೀಟರಿಗೆ ೬೦ ಇರುವ ಗಾಳಿ ಭಾರತದ ಸೂಚ್ಯಂಕದಲ್ಲಿ ೧೦೦, ತೃಪ್ತಿಕರ. ಅದೇ ಗಾಳಿ ಅಮೆರಿಕದ ಸೂಚ್ಯಂಕದಲ್ಲಿ ೧೫೦ನ್ನು ದಾಟಿ 'ಅನಾರೋಗ್ಯಕರ' ಎನಿಸುತ್ತದೆ. ಮೊಬೈಲಿನ ಕೆಲವು ಆ್ಯಪ್‌ಗಳು ಒಂದನ್ನು ತೋರಿಸುತ್ತವೆ, ಕೆಲವು ಇನ್ನೊಂದನ್ನು. ಇಬ್ಬರು ಸ್ನೇಹಿತರು ಒಂದೇ ಜಗಲಿಯ ಮೇಲೆ ಕುಳಿತು ಬೇರೆಬೇರೆ ಅಂಕೆಗಳನ್ನು ಓದಿ ಜಗಳವಾಡುವುದು ಹೀಗೆ. ಸೂಚ್ಯಂಕವನ್ನು ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿ ಕೊಟ್ಟ ಮೈಕ್ರೋಗ್ರಾಮಿನ ಲೆಕ್ಕವನ್ನೇ ನೋಡುವುದು ಲೇಸು.

ಇಷ್ಟಾದ ಮೇಲೆ ಆ ಸಂಜೆಯ ಪ್ರಶ್ನೆಗೆ ಉತ್ತರ ಹೇಳಬಹುದು. ಮೊದಲನೆಯದಾಗಿ, ಮೊಬೈಲು ಹೇಳಿದುದು ಉಡುಪಿಯಲ್ಲಿರುವ ಯಂತ್ರದ ಮಾತನ್ನು. ಬಸ್ರೂರಿಗೂ ಉಡುಪಿಗೂ ನೇರವಾಗಿ ಗೆರೆಯೆಳೆದು ಅಳೆದರೂ ಮೂವತ್ತು ಕಿಲೋಮೀಟರು. ನಮ್ಮ ತರಗೆಲೆಯ ಹೊಗೆಯ ಸುದ್ದಿ ಅದಕ್ಕೆ ಮುಟ್ಟುವಂತಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಆ ಯಂತ್ರವನ್ನು ನಮ್ಮ ಮೈದಾನದ ಮೂಲೆಯಲ್ಲಿಯೇ ತಂದಿಟ್ಟಿದ್ದರೆಂದು ಭಾವಿಸೋಣ. ಬೆಂಕಿಯಿದ್ದ ಒಂದು ಗಂಟೆಯಲ್ಲಿ ಪಿ.ಎಂ. ೨.೫ ಘನಮೀಟರಿಗೆ ೬೦೦ ಮೈಕ್ರೋಗ್ರಾಂ, ಉಳಿದ ಇಪ್ಪತ್ತಮೂರು ಗಂಟೆ ೨೫ ಇತ್ತೆಂದು ಊಹಿಸಿಕೊಳ್ಳಿ. ಕೂಡಿಸಿ ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಸರಾಸರಿ ೪೯. ಸೂಚ್ಯಂಕ ೮೨. ತೃಪ್ತಿಕರ! ಸೂಚ್ಯಂಕ ಕಣಗಳನ್ನು ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯಿಂದ ಅಳೆಯುತ್ತದೆ. ಮನುಷ್ಯ ಗಾಳಿಯನ್ನು ಒಂದೊಂದು ಉಸಿರಾಗಿ ಎಳೆಯುತ್ತಾನೆ. ಆ ಗಂಟೆಯ ಅಂಕೆಯನ್ನೇ ತೆಗೆದುಕೊಂಡು ಸೂಚ್ಯಂಕದ ಕೋಷ್ಟಕದಲ್ಲಿ ಹುಡುಕಿದರೆ 'ತೀವ್ರ' ಎಂಬ ವರ್ಗದ ಆರಂಭಕ್ಕಿಂತಲೂ ಅದು ಎರಡುಪಟ್ಟಿಗೆ ಮಿಗಿಲಾಗಿರುತ್ತಿತ್ತು.

ಮಿತಿ ಬೇರೆ, ಎಚ್ಚರಿಕೆ ಬೇರೆ ಎಂಬುದು ಈಗ ವೇದ್ಯವಾಗುತ್ತದೆ. ಮಿತಿಯನ್ನು ವರ್ಷಗಟ್ಟಲೆ ನೋಡಿ ಊರಿನ ಯೋಜನೆ ಮಾಡಬೇಕು. ಎಚ್ಚರಿಕೆಯನ್ನು ಕೇಳಿದೊಡನೆ ಏನಾದರೊಂದು ಕೆಲಸ ನಡೆಯಬೇಕು. ದಿಲ್ಲಿಯಲ್ಲಿ ೨೦೧೭ರಿಂದ ಜಾರಿಯಲ್ಲಿರುವ ಹಂತಹಂತದ ಯೋಜನೆ ಈ ಬಗೆಯದು. ಸೂಚ್ಯಂಕ ೨೦೦ ದಾಟಿದರೆ ಮೊದಲನೆಯ ಹಂತ. ೩೦೦, ೪೦೦, ೪೫೦ ದಾಟಿದಂತೆ ಮುಂದಿನವು. ಧೂಳಿಗೆ ನೀರು ಹೊಡೆಯುವುದರಿಂದ ತೊಡಗಿ, ಕಟ್ಟಡದ ಕೆಲಸ ನಿಲ್ಲಿಸುವುದು, ಲಾರಿಗಳನ್ನು ತಡೆಯುವುದು, ಶಾಲೆ ಮುಚ್ಚುವುದು ಇಲ್ಲಿಯವರೆಗೂ ಕ್ರಮಗಳುಂಟು. ೨೦೨೪ರ ನವೆಂಬರ್‌ನಲ್ಲಿ ನಾಲ್ಕನೆಯ ಹಂತಕ್ಕೇರಿ, ಅಲ್ಲಿಯ ಮಕ್ಕಳು ಮನೆಯಲ್ಲಿ ಕುಳಿತು ಆನ್‌ಲೈನಿನಲ್ಲಿ ಪಾಠ ಕೇಳಬೇಕಾಯಿತು. ನಮ್ಮ ಕರಾವಳಿಗೆ ಅಂಥ ದುರ್ದಿನ ಬಂದಿಲ್ಲ. ಕಡಲಗಾಳಿಯೂ ಜೂನಿನ ಮಳೆಯೂ ನಮ್ಮ ಭಾಗ್ಯ. ಆದರೆ ಇಡೀ ಊರಿಗೆ ಒಂದೇ ಬಾರಿಗೆ ಕೂಗಿ ಹೇಳುವ ಈ ವ್ಯವಸ್ಥೆ, ಒಂದು ಕೇರಿಯಲ್ಲಿ ಒಂದು ಗಂಟೆ ಎದ್ದಿರುವ ಹೊಗೆಯನ್ನು ಕಾಣಲಾರದು.

ಒಲೆಯ ಹೊಗೆಯನ್ನಂತೂ ಯಾವ ಮಿತಿಯೂ ಮುಟ್ಟುವುದಿಲ್ಲ. ೨೦೦೯ರ ಅಂಕೆಗಳು ಹೊರಗಿನ ಗಾಳಿಗೆ ಸಂಬಂಧಪಟ್ಟವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ತೊಡಗಿಸಿದ 'ಅಸ್ತ್ರ' ಕೇಂದ್ರದವರು ಈ ಕಡೆಗೆ ಲಕ್ಷ್ಯ ಹರಿಸಿ, ಹೊಗೆಕೊಳವಿಯುಳ್ಳ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಸೌದೆ ಕಡಮೆ ಸಾಕು, ಅಡುಗೆಮನೆಯಲ್ಲಿ ಹೊಗೆ ಕಡಮೆ. ಈಗ ಹೆಚ್ಚಿನ ಮನೆಗಳಿಗೆ ಗ್ಯಾಸು ಬಂದಿದೆಯಾದರೂ ಬಚ್ಚಲ ಹಂಡೆಯ ಕೆಳಗೆ ತೆಂಗಿನ ಸಿಪ್ಪೆಯೂ ಮಡಲೂ ಉರಿಯುವುದು ತಪ್ಪಿಲ್ಲ. ಆ ಬೆಂಕಿ ಹೊತ್ತುವುದೂ ಮುಂಜಾನೆ ಮತ್ತು ಸಂಜೆ. ಮುಚ್ಚಳ ಬಿದ್ದಿರುವ ಹೊತ್ತುಗಳಲ್ಲಿಯೇ.

ಮನೆಯಲ್ಲಿ ಉಬ್ಬಸದವರೋ ಗುಂಡಿಗೆಯ ರೋಗಿಗಳೋ ಎಳೆಯ ಮಕ್ಕಳೋ ಇದ್ದವರು ನೋಡಬೇಕಾದುದು ಇದನ್ನು: ಹೊಗೆ ಏರುತ್ತಿದೆಯೇ, ಹಾಸುತ್ತಿದೆಯೇ? ಕತ್ತಲೆಯ ಗುಡ್ಡದ ಹಿನ್ನೆಲೆಯಲ್ಲಿ ನೀಲಿಯಾಗಿ ಕಾಣುವ ತೆಳ್ಳನೆಯ ಹೊಗೆಯೂ ನಿರುಪದ್ರವಿಯಲ್ಲ. ಕಣಗಳು ಬೆಳಕಿನ ಅಲೆಯುದ್ದಕ್ಕಿಂತ ಚಿಕ್ಕವಾಗಿರುವುದರಿಂದಲೇ ಅದಕ್ಕೆ ಆ ನೀಲಿ ಬಂದಿರುತ್ತದೆ. ಆಳಕ್ಕಿಳಿಯುವ ಕಣಗಳೂ ಅವೇ. ಮಾಗಿಯಲ್ಲಿ ಬಿಸಿಲು ಬಲಿತು ನೆಲ ಕಾಯುವವರೆಗೆ, ಸುಮಾರು ಒಂಬತ್ತು ಗಂಟೆಯ ತನಕ, ಹೊಳೆಯ ದಂಡೆಯಲ್ಲಿ ಓಡುವ ವ್ಯಾಯಾಮವನ್ನು ಅಂಥವರು ಮುಂದೂಡುವುದು ಒಳ್ಳೆಯದು. ಓಡುವವನು ಕುಳಿತವನ ಹಲವು ಪಟ್ಟು ಗಾಳಿಯನ್ನು ಎಳೆಯುತ್ತಾನಷ್ಟೆ. ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ ಧೂಳನ್ನು ತಡೆಯಬಲ್ಲುದೇ ಹೊರತು ಹೊಗೆಯ ಕಣಗಳನ್ನು ಅಷ್ಟಾಗಿ ತಡೆಯಲಾರದು.

ಈ ವರ್ಷವೂ ಆ ಮೈದಾನವನ್ನು ಗುಡಿಸುವ ಕೆಲಸವುಂಟು. ತರಗೆಲೆಯನ್ನು ಸುಡದೆ ಪಕ್ಕದ ತೋಟದ ತೆಂಗಿನ ಬುಡಗಳಿಗೆ ಹಾಕುವುದೆಂದು ಗೊತ್ತಾಗಿದೆ, ತೋಟದವರೂ ಒಪ್ಪಿದ್ದಾರೆ. ಕಳೆದ ಸಲ ಉಸಿರು ಕಟ್ಟಿದ ಹುಡುಗನೇ ಗೋಣಿಚೀಲಗಳನ್ನು ತರುವ ಹೊಣೆ ಹೊತ್ತಿದ್ದಾನೆ.